ಅಡುಗೆ ಬಾರದೆ ಬಂದವರೇ ಇಲ್ಲಿ ಅಡುಗೆ ಕಲಿಸಿದ್ದಾರೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಬಾಸ್ಟನ್‌ಗೆ ಎಂ.ಎಸ್. ಓದಲು ಆಗಸ್ಟ್‌ನಲ್ಲಿ ಬರುತ್ತಿದ್ದೀಯ. ಚಳಿ, ರೂಮು ಅಂತ ಎರಡು ಸಾಲು ಕೇಳಿ ಉಳಿದದ್ದೆಲ್ಲ ಊಟದ ಬಗ್ಗೆಯೇ ಕೇಳಿದ್ದೀಯ. "ಅಕ್ಕಾ, ನನಗೆ ಟೀ ಬಿಟ್ಟು ಏನೂ ಮಾಡೋಕೆ ಬರಲ್ಲ. ದಿನಾ ಹೊರಗೆ ತಿಂದರೆ ದುಡ್ಡು ಉಳಿಯಲ್ಲ ಅಂತಾರೆ. ಮೊಟ್ಟೆ ತಿಂತೀನಿ, ಮಾಂಸ ತಿನ್ನಲ್ಲ. ಯಾರನ್ನ ನೋಡಿ ಅಡುಗೆ ಕಲೀಲಿ?" ಅಂತ.

ಚಳಿಗೆ ದಪ್ಪ ಕೋಟನ್ನು ಇಲ್ಲಿಗೆ ಬಂದ ಮೇಲೆ ಕೊಂಡುಕೋ, ಊರಿನಿಂದ ಹೊತ್ತು ತರಬೇಡ. ಬಾಸ್ಟನ್‌ನಲ್ಲಿ ಬಾಡಿಗೆ ಕರಾರು ಹೆಚ್ಚಾಗಿ ಸೆಪ್ಟೆಂಬರ್ 1ಕ್ಕೇ ಶುರುವಾಗುತ್ತದೆ. ಮಧ್ಯದ ಎರಡು ವಾರಕ್ಕೆ ಯಾರ ಮನೆಯಲ್ಲಾದರೂ ಜಾಗ ನೋಡಿಕೊಂಡು ವಿಮಾನ ಹತ್ತು. ಇನ್ನು ಅಡುಗೆಯ ಮಾತು. ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ನನಗೆ ಈ ದೇಶ ಒಗ್ಗಿದ್ದು ಅಡುಗೆಮನೆಯಿಂದಲೇ.

ಅಡುಗೆ ಬಾರದವನು ಅಂತ ನೀನು ನಾಚಿಕೊಳ್ಳುವ ಅಗತ್ಯವೇ ಇಲ್ಲ. ಈ ದೇಶದ ಮನೆಮನೆಗೆ ಅಡುಗೆಯ ಹುಚ್ಚು ಹಿಡಿಸಿದವರಲ್ಲಿ ಕೆಲವರು ಊರು ಬಿಟ್ಟು ಹೋದ ಮೇಲೇ ಅಡುಗೆ ಕಲಿತವರು. ದೊಡ್ಡವರಾದ ಮೇಲೆ, ಪಕ್ಕದಲ್ಲಿ ಅಮ್ಮ ಇಲ್ಲದೆ, ಒಂದೊಂದನ್ನೂ ಯೋಚಿಸಿ ಕಲಿತರು. ಹಾಗಾಗಿ ಏನೂ ಬಾರದವನಿಗೆ ಎಲ್ಲಿ ಗೊಂದಲವಾಗುತ್ತದೆ ಅಂತ ಅವರಿಗೆ ಗೊತ್ತು. ನೀನು ಅಂಥವರನ್ನೇ ಹಿಡಿದುಕೋ.

ಮೊದಲು ಮಧುರ್ ಜಾಫ್ರಿ. 1933ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. 1950ರ ದಶಕದಲ್ಲಿ ನಟನೆ ಕಲಿಯಲು ಲಂಡನ್ನಿನ ರಾಡಾ ನಾಟಕ ಶಾಲೆಗೆ ಹೋದರು. ಅಡುಗೆ ಬರುತ್ತಿರಲಿಲ್ಲ. ಅಲ್ಲಿನ ಊಟ ಬಾಯಿಗೆ ಹತ್ತಲಿಲ್ಲ. ಅಮ್ಮನಿಗೆ ಕಾಗದ ಬರೆದರು: ನಮ್ಮನೆಯ ಆ ಪಲ್ಯ ಹೇಗೆ ಮಾಡೋದು, ಈ ಬೇಳೆ ಹೇಗೆ ಮಾಡೋದು? ಅಮ್ಮ ಏರ್‌ಮೇಲ್ ಕಾಗದದಲ್ಲಿ ವಿಧಾನ ಬರೆದು ಕಳಿಸುತ್ತಿದ್ದರು. ಉತ್ತರ ಬರುವವರೆಗೆ ಕಾಯಬೇಕು. ಬಂದ ಕಾಗದದಲ್ಲೂ ಅಮ್ಮಂದಿರ ಲೆಕ್ಕವೇ, ನಿನಗೆ ಗೊತ್ತಲ್ಲ. ಆ ಕಾಗದಗಳನ್ನು ಎದುರಿಗಿಟ್ಟುಕೊಂಡು ಮಾಡಿ ಮಾಡಿ ಕಲಿತರು. ಆಮೇಲೆ ನ್ಯೂಯಾರ್ಕ್‌ಗೆ ಬಂದರು, ಸಿನಿಮಾದಲ್ಲಿ ನಟಿಸಿದರು. 1965ರ 'ಶೇಕ್ಸ್‌ಪಿಯರ್ ವಾಲಾ' ಚಿತ್ರದ ನಟನೆಗೆ ಬರ್ಲಿನ್‌ನಲ್ಲಿ ಬಹುಮಾನವೂ ಬಂತು. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಅವರ ಅಡುಗೆ. ಮೊದಲ ಪುಸ್ತಕ 1973ರಲ್ಲಿ ಬಂತು. 1982ರಲ್ಲಿ ಬಿಬಿಸಿಯಲ್ಲಿ ಭಾರತದ ಅಡುಗೆ ತೋರಿಸಿದರು. ಅವರು ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು ಹಾಕಿ ಒಂದು ಕೋಳಿ ಅಡುಗೆ ಮಾಡಿ ತೋರಿಸಿದ ಮರುದಿನ ಮ್ಯಾಂಚೆಸ್ಟರ್‌ನ ಅಂಗಡಿಗಳಲ್ಲಿ ಕೊತ್ತಂಬರಿ ಸೊಪ್ಪೇ ಉಳಿಯಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ.

ನಾನು ಬಂದ ಹೊಸತರಲ್ಲಿ ಅವರ ಪುಸ್ತಕ ಲೈಬ್ರರಿಯಲ್ಲಿ ಸಿಕ್ಕಿತು. ಅದರಲ್ಲಿದ್ದದ್ದು ಹೆಚ್ಚಿನಂಶ ದೆಹಲಿ ಕಡೆಯ ಅಡುಗೆ, ನಮ್ಮ ಸಾರು, ಹುಳಿ ಅಲ್ಲ. ಆದರೂ ಅದು ನನಗೆ ಬಹಳ ಕಲಿಸಿತು. ಎಣ್ಣೆ ಎಷ್ಟು ಕಾಯಬೇಕು, ಈರುಳ್ಳಿ ಯಾವ ಬಣ್ಣಕ್ಕೆ ಬಂದಾಗ ಮುಂದಿನದನ್ನು ಹಾಕಬೇಕು ಅಂತ ಬಿಡಿಸಿ ಬರೆದಿದ್ದಾರೆ. ನಮ್ಮ ಅಮ್ಮ, ಅಜ್ಜಿ ಇದನ್ನು ಬಾಯಿಬಿಟ್ಟು ಹೇಳಿದವರಲ್ಲ. ಅವರಿಗೆ ಕೈಯೇ ಹೇಳುತ್ತಿತ್ತು. ಜಾಫ್ರಿಯವರಿಗೆ ಕೈ ಹದ ಹುಟ್ಟಿನಿಂದ ಬಂದದ್ದಲ್ಲ, ಆದ್ದರಿಂದ ಅದನ್ನು ಮಾತಿನಲ್ಲಿ ಹೇಳಬಲ್ಲರು.

ಎರಡನೆಯವರು ಜೂಲಿಯಾ ಚೈಲ್ಡ್. ನೀನು ಬರುವ ಊರಿನವರೇ ಅನ್ನಬಹುದು, ನದಿಯಾಚೆ ಕೇಂಬ್ರಿಡ್ಜ್‌ನಲ್ಲಿ ಅವರ ಮನೆ ಇತ್ತು. ಹುಟ್ಟಿದ್ದು 1912ರಲ್ಲಿ, ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರಿ ಕೆಲಸದ ಮೇಲೆ ಶ್ರೀಲಂಕಾದ ಕ್ಯಾಂಡಿಯಲ್ಲಿದ್ದರು, ಅಲ್ಲೇ ಮುಂದೆ ಮದುವೆಯಾದ ಪಾಲ್ ಅವರ ಪರಿಚಯ. 1948ರಲ್ಲಿ ಗಂಡನ ಕೆಲಸಕ್ಕಾಗಿ ಪ್ಯಾರಿಸ್‌ಗೆ ಹೋದಾಗ ಅವರಿಗೆ 36 ವರ್ಷ. ಹಡಗಿನಿಂದ ಇಳಿದು ಪ್ಯಾರಿಸ್‌ಗೆ ಹೋಗುವ ದಾರಿಯಲ್ಲಿ, ರುವಾನ್ ಊರಿನಲ್ಲಿ, ಬೆಣ್ಣೆಯಲ್ಲಿ ಹುರಿದ ಮೀನಿನ ಊಟ ಮಾಡಿದರು. ಆ ಊಟ ಅವರ ಜೀವನದ ದಿಕ್ಕನ್ನೇ ಬದಲಿಸಿತು. ಅಲ್ಲಿನ ಕಾರ್ಡಾನ್ ಬ್ಲೂ ಅಡುಗೆ ಶಾಲೆಗೆ ಸೇರಿದರು. ಇಬ್ಬರು ಫ್ರೆಂಚ್ ಗೆಳತಿಯರ ಜೊತೆ ವರ್ಷಗಟ್ಟಲೆ ಕೂತು ಬರೆದ ಫ್ರೆಂಚ್ ಅಡುಗೆಯ ಪುಸ್ತಕ 1961ರಲ್ಲಿ ಬಂದಾಗ ಅವರಿಗೆ 49.

ಮುಂದಿನ ವರ್ಷ ಬಾಸ್ಟನ್‌ನ ಡಬ್ಲ್ಯೂಜಿಬಿಎಚ್ ಟಿವಿಯಲ್ಲಿ ಪುಸ್ತಕಗಳ ಬಗ್ಗೆ ಮಾತಾಡುವ ಒಂದು ಕಾರ್ಯಕ್ರಮಕ್ಕೆ ಕರೆದರು. ಅವರು ಸುಮ್ನೆ ಮಾತಾಡಿ ಬರಲಿಲ್ಲ. ಒಂದು ಸಣ್ಣ ಹಾಟ್ ಪ್ಲೇಟ್ ತೆಗೆದುಕೊಂಡು ಹೋಗಿ ಅಲ್ಲೇ ಆಮ್ಲೆಟ್ ಮಾಡಿ ತೋರಿಸಿದರು. ಇನ್ನೂ ತೋರಿಸಿ ಅಂತ ನೋಡಿದವರಿಂದ ಕಾಗದ ಬಂದವು. 1963ರ ಫೆಬ್ರವರಿಯಲ್ಲಿ ಅವರದೇ ಕಾರ್ಯಕ್ರಮ ಶುರುವಾಯಿತು. ಆ ಹಳೆಯ ಕಂತುಗಳಲ್ಲಿ ಕೆಲವು ಈಗಲೂ ನೋಡಲು ಸಿಗುತ್ತವೆ. ಒಂದರಲ್ಲಿ ಆಲೂಗಡ್ಡೆಯ ರೊಟ್ಟಿಯಂಥದ್ದನ್ನು ಬಾಣಲೆಯಲ್ಲೇ ಎಗರಿಸಿ ಮಗುಚಲು ಹೋಗುತ್ತಾರೆ. ಅರ್ಧ ಒಲೆಯ ಮೇಲೆ ಬೀಳುತ್ತದೆ. ಅದನ್ನು ಬಳಿದು ಬಾಣಲೆಗೆ ಹಾಕಿ, ಅಡುಗೆಮನೆಯಲ್ಲಿ ನೀವೊಬ್ಬರೇ ಇರುವಾಗ ನೋಡುವವರು ಯಾರು ಅನ್ನುತ್ತಾರೆ. ನೆಲಕ್ಕೆ ಕೋಳಿ ಬೀಳಿಸಿದರು ಅಂತ ಒಂದು ಕಥೆ ಓಡಾಡುತ್ತದೆ. ಅದು ನಿಜವಲ್ಲ, ಬಿದ್ದದ್ದು ಆಲೂಗಡ್ಡೆ, ಅದೂ ಒಲೆಯ ಮೇಲೆ. ಇಷ್ಟು ದೊಡ್ಡವರು ಕೈತಪ್ಪಿದ್ದನ್ನು ಮುಚ್ಚಿಡದೆ ಮುಂದುವರಿದರಲ್ಲ, ಅದಕ್ಕೇ ಜನ ಅವರನ್ನು ನೆಚ್ಚಿಕೊಂಡರು ಅಂತ ನನ್ನ ನಂಬಿಕೆ. ಅವರ ಕೇಂಬ್ರಿಡ್ಜ್ ಅಡುಗೆಮನೆಯನ್ನು 2001ರಲ್ಲಿ ಇದ್ದ ಹಾಗೇ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂಗೆ ಕೊಟ್ಟರು. ಆರಡಿ ಎರಡಿಂಚು ಎತ್ತರದ ಹೆಂಗಸು, ಆದ್ದರಿಂದ ಕಟ್ಟೆಗಳೂ ಮಾಮೂಲಿಗಿಂತ ಎತ್ತರ. ಗೋಡೆಯ ಮೇಲೆ ಪಾತ್ರೆಗಳು ನೇತು ಹಾಕಿರುತ್ತವೆ, ಒಂದೊಂದರ ಜಾಗವನ್ನೂ ಪಾಲ್ ಗೆರೆ ಎಳೆದು ಗುರುತು ಮಾಡಿದ್ದರು. ವಾಷಿಂಗ್ಟನ್‌ಗೆ ಹೋದರೆ ತಪ್ಪದೆ ನೋಡು, ಟಿಕೆಟ್ ಇಲ್ಲ.

ಮೂರನೆಯವರು ಮಾರ್ಸೆಲ್ಲಾ ಹಜಾನ್. ಇಟಲಿಯ ಚೆಸೆನಾಟಿಕೊ ಊರಿನವರು, ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದವರು. ಚಿಕ್ಕಂದಿನಲ್ಲಿ ಬಲಗೈ ಮುರಿದು ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. 1955ರಲ್ಲಿ ಮದುವೆಯಾಗಿ ನ್ಯೂಯಾರ್ಕ್‌ಗೆ ಬಂದಾಗ ಅಡುಗೆ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಗಂಡನಿಗೆ ಊಟ ಅಂದರೆ ಪ್ರಾಣ. ಊರಿನ ರುಚಿ ನೆನಪು ಮಾಡಿಕೊಂಡು, ಅದು ನಾಲಿಗೆಗೆ ಸಿಗುವವರೆಗೆ ಮಾಡುತ್ತಾ ಹೋದರು. ಮುಂದೆ ಚೀನೀ ಅಡುಗೆ ಕಲಿಯಲು ಒಂದು ತರಗತಿಗೆ ಸೇರಿದಾಗ ಜೊತೆಯವರು ನಮಗೆ ಇಟಲಿ ಅಡುಗೆ ಕಲಿಸಿ ಅಂತ ಕೇಳಿದರು. ತಮ್ಮ ಮನೆಯಲ್ಲೇ ಪಾಠ ಶುರುಮಾಡಿದರು.

ಪಾಸ್ತಾಗೆ ಕಲಸಿಕೊಳ್ಳುವ ಅವರದೊಂದು ಟೊಮೆಟೊ ಸಾಸ್ ಇದೆ. ನೀನು ಮೊದಲು ಮಾಡಬೇಕಾದದ್ದು ಅದೇ. 28 ಔನ್ಸಿನ, ಅಂದರೆ ಸುಮಾರು 800 ಗ್ರಾಂನ ಸಿಪ್ಪೆ ಸುಲಿದ ಟೊಮೆಟೊ ಡಬ್ಬಿ ಒಂದು. ಬೆಣ್ಣೆ 5 ದೊಡ್ಡ ಚಮಚ. ಒಂದು ಈರುಳ್ಳಿ, ಸುಲಿದು ಎರಡು ಹೋಳು ಮಾಡಿದ್ದು. ಉಪ್ಪು. ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಹಾಕಿ, ಮುಚ್ಚದೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡು. ಆಗಾಗ ಸೌಟಿನಿಂದ ಟೊಮೆಟೊ ಜಜ್ಜು. ಬೆಣ್ಣೆ ಮೇಲೆ ತೇಲಿ ಬಂದಾಗ ಆಯಿತು. ಈರುಳ್ಳಿ ತೆಗೆದುಬಿಡು (ನಾನು ತೆಗೆದು ಬ್ರೆಡ್ ಜೊತೆ ತಿನ್ನುತ್ತೇನೆ, ಬಹಳ ರುಚಿ). ಬೆಳ್ಳುಳ್ಳಿ ಬೇಡ, ಖಾರ ಬೇಡ. ಮೊದಲ ಸಲ ಖಾರದಪುಡಿ ಹಾಕಲು ಕೈ ಹೋಗುತ್ತದೆ, ತಡೆದುಕೋ. ಬರೀ ಮೂರು ಸಾಮಾನು ಇಷ್ಟು ರುಚಿ ಕೊಡುತ್ತವಾ ಅಂತ ನಿನಗೇ ಆಶ್ಚರ್ಯವಾಗುತ್ತದೆ. ಆ ಆಶ್ಚರ್ಯ ಆಯಿತು ಅಂದರೆ ನೀನು ಎರಡನೇ ಅಡುಗೆ ತಾನಾಗಿಯೇ ಮಾಡುತ್ತೀಯ.

ಕೈ ಕೆಲಸ ಕಲಿಯಲು ಮಾತ್ರ ಜಾಕ್ ಪೆಪೆನ್ ಅವರನ್ನು ನೋಡು. ಇವರ ದಾರಿ ಬೇರೆ. ಅಮ್ಮ ಹೋಟೆಲ್ ನಡೆಸುತ್ತಿದ್ದರು, 13ನೇ ವಯಸ್ಸಿಗೇ ಶಾಲೆ ಬಿಟ್ಟು ಅಡುಗೆಮನೆ ಸೇರಿದರು. 1959ರಲ್ಲಿ ಫ್ರಾನ್ಸ್‌ನಿಂದ ಅಮೆರಿಕಕ್ಕೆ ಬಂದರು. 1974ರಲ್ಲಿ ದೊಡ್ಡ ಕಾರು ಅಪಘಾತವಾಗಿ ಹೋಟೆಲಿನ ಒಲೆ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಕಷ್ಟವಾಯಿತು. ಆಗ ಕಲಿಸುವ ಕಡೆ ತಿರುಗಿದರು. ಅವರು ಈರುಳ್ಳಿ ಹೆಚ್ಚುವುದನ್ನು ನೋಡು. ಮೊದಲ ಸಲ ಧ್ವನಿ ನಿಲ್ಲಿಸಿ ನೋಡು. ಎಡಗೈ ಬೆರಳು ಒಳಗೆ ಮಡಚಿರುತ್ತವೆ, ಚಾಕು ಬೆರಳಿನ ಗೆಣ್ಣಿಗೆ ತಾಗಿಕೊಂಡೇ ಜಾರುತ್ತದೆ. ಒಂದು ವಾರ ದಿನಕ್ಕೊಂದು ಈರುಳ್ಳಿ ಹಾಗೆ ಹೆಚ್ಚು. ಅವರ ಆಮ್ಲೆಟ್ ವಿಡಿಯೋ ಕೂಡ ಇದೆ, ಎರಡು ಬಗೆಯ ಆಮ್ಲೆಟ್ ಹೇಗೆ ಅಂತ ತೋರಿಸುತ್ತಾರೆ. ನೀನು ಮೊಟ್ಟೆ ತಿನ್ನುವುದರಿಂದ ಅದು ನಿನ್ನ ರಾತ್ರಿ ಊಟ ಉಳಿಸುತ್ತದೆ.

ಹಾಗಾದರೆ ನಮ್ಮ ಅಡುಗೆಗೆ ಯಾರು ಅಂತ ಕೇಳುತ್ತೀಯ. ಕನ್ನಡದಲ್ಲೇ ನೋಡಬೇಕು ಅಂದರೆ ಯೂಟ್ಯೂಬ್‌ನಲ್ಲಿ ಭಟ್ ಎನ್ ಭಟ್ ನೋಡು, ಕರಾವಳಿ ಕಡೆಯ ಮನೆ ಅಡುಗೆ. ಆದರೆ ನಿನ್ನ ಮನೆಯ ಸಾರಿಗೆ ನಿನ್ನ ಅಮ್ಮನೇ ಗುರು. ಹೊರಡುವ ಮೊದಲು ಒಂದು ಭಾನುವಾರ ಅವರ ಪಕ್ಕ ನಿಂತುಕೋ. ಅವರು "ಸ್ವಲ್ಪ ಹಾಕು" ಅಂದಾಗ ಅವರ ಕೈಯಲ್ಲಿರುವುದನ್ನು ಚಮಚಕ್ಕೆ ಸುರಿಸಿ ಅಳೆದು ಬರೆದುಕೋ. ಅದೇ ಚಮಚವನ್ನು ಪೆಟ್ಟಿಗೆಯಲ್ಲಿ ಹಾಕಿಕೋ. ಜಾಫ್ರಿಯವರು ಕಾಗದಕ್ಕೆ ಕಾಯಬೇಕಿತ್ತು, ನಿನಗೆ ವಿಡಿಯೋ ಕಾಲ್ ಇದೆ. ಇಲ್ಲಿ ರಾತ್ರಿ ಎಂಟು ಗಂಟೆ ಅಂದರೆ ಬೇಸಿಗೆಯಲ್ಲಿ ಅಲ್ಲಿ ಬೆಳಗಿನ ಐದೂವರೆ. ಅಮ್ಮ ಎದ್ದಿರುತ್ತಾರೆ, ಅಲ್ವಾ?

ಸಾಮಾನು ಸಿಗಲ್ಲ ಅನ್ನುವ ಭಯ ಬೇಡ. ಕೇಂಬ್ರಿಡ್ಜ್‌ನ ಸೆಂಟ್ರಲ್ ಸ್ಕ್ವೇರ್‌ನಿಂದ 70ನೇ ನಂಬರ್ ಬಸ್ಸು ವಾಲ್ಥಮ್‌ಗೆ ಹೋಗುತ್ತದೆ, ಅಲ್ಲಿ ನಮ್ಮ ಕಡೆಯ ಅಂಗಡಿಗಳಿವೆ. ಸೋನಾ ಮಸೂರಿ, ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತವೆ. ನಿಮ್ಮೂರಿನ ಮಂಡಕ್ಕಿಯನ್ನು ಇಲ್ಲಿ ಮಮ್ರಾ ಅಂತ ಮಾರುತ್ತಾರೆ. ನಮಗಿಂತ ಮುಂಚೆ ಬಂದವರಿಗೆ ಇದೂ ಇರಲಿಲ್ಲ. ಅವರು ಕ್ರೀಮ್ ಆಫ್ ವೀಟ್ ಅನ್ನುವ ಇಲ್ಲಿನ ಗೋಧಿ ರವೆಯಲ್ಲಿ ಉಪ್ಪಿಟ್ಟು ಮಾಡಿದರು, ಇಲ್ಲಿನವರು ಬೆಳಿಗ್ಗೆ ಹಾಲಿಗೆ ಹಾಕಿ ತಿನ್ನುವ ರೈಸ್ ಕ್ರಿಸ್ಪೀಸ್‌ಗೆ ಒಗ್ಗರಣೆ ಹಾಕಿ ಮಂಡಕ್ಕಿ ಆಸೆ ತೀರಿಸಿಕೊಂಡರು. ಇದು ನಮ್ಮವರಿಗೆ ಹೊಸದೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ಬೆಂಗಳೂರಿನ ಎಂಟಿಆರ್‌ನವರು ರವೆ ಹಿಡಿದು ಇಡ್ಲಿ ಮಾಡಿದರು. ಅದೇ ರವೆ ಇಡ್ಲಿ. ಇದ್ದದ್ದರಲ್ಲಿ ರುಚಿ ಹುಟ್ಟಿಸಿದ ಎಂಟಿಆರ್‌ನ ಆ ಅಡುಗೆಯವರನ್ನು ನಾನು ದೊಡ್ಡ ಶೆಫ್‌ಗಳ ಸಾಲಿನಲ್ಲೇ ನಿಲ್ಲಿಸುತ್ತೇನೆ.

ಊರಿನಿಂದ ತರುವುದು ಇಷ್ಟು: ಮೂರು ಲೀಟರ್ ಕುಕ್ಕರ್, ಅಮ್ಮ ಮಾಡಿದ ಸಾರಿನ ಪುಡಿ, ಚಟ್ನಿಪುಡಿ. ತಿನ್ನುವ ಸಾಮಾನು ಇದೆ ಅಂತ ಏರ್‌ಪೋರ್ಟ್‌ನಲ್ಲಿ ತಪ್ಪದೆ ಹೇಳು. ಹಸಿ ಕರಿಬೇವು ಮಾತ್ರ ತರಬೇಡ. ಅದು ನಿಂಬೆ, ಕಿತ್ತಳೆ ಕುಟುಂಬದ ಗಿಡ. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗದ ಕೀಟ ಅದರ ಮೇಲೂ ಕೂರುತ್ತದೆ ಅಂತ ಬಿಡುವುದಿಲ್ಲ. ಮಿಕ್ಸಿಯೂ ಬೇಡ. ಇಲ್ಲಿ 120 ವೋಲ್ಟ್, ನಮ್ಮ 230 ವೋಲ್ಟಿನದು ಓಡುವುದಿಲ್ಲ. ಒಗ್ಗರಣೆ ಹಾಕುವ ಮುಂಚೆ ಫ್ಯಾನು ಹಾಕು, ಕಿಟಕಿ ತೆರೆ. ಒಣಮೆಣಸಿನಕಾಯಿ ಹೊಗೆಗೆ ಸ್ಮೋಕ್ ಅಲಾರಂ ಕೂಗಿದರೆ ಇಡೀ ಕಟ್ಟಡದವರು ಹೊರಗೆ ಬರಬೇಕಾಗಬಹುದು.

ಪುಸ್ತಕಕ್ಕೆ ದುಡ್ಡು ಹಾಕಬೇಡ. ಮ್ಯಾಸಚೂಸೆಟ್ಸ್‌ನಲ್ಲಿ ವಾಸವಿರುವವರಿಗೆಲ್ಲ ಬಾಸ್ಟನ್ ಪಬ್ಲಿಕ್ ಲೈಬ್ರರಿಯ ಕಾರ್ಡ್ ಉಚಿತ. ನಾನು ಹೇಳಿದವರ ಪುಸ್ತಕಗಳನ್ನು ಅಲ್ಲಿ ಹುಡುಕು. ಒಂದು ಸಲಕ್ಕೆ ಒಬ್ಬರದ್ದೇ ತೆಗೆದುಕೋ. ಹತ್ತು ಜನರ ವಿಡಿಯೋ ನೋಡಿದರೆ ಹೊತ್ತು ಹೋಗುತ್ತದೆ, ಕೈ ಕಲಿಯುವುದಿಲ್ಲ.

ಕೊನೆಗೆ ಮಾಂಸದ ವಿಷಯ. ಜೂಲಿಯಾ, ಜಾಕ್ ಇಬ್ಬರ ಅಡುಗೆಯಲ್ಲೂ ಮಾಂಸ ಜಾಸ್ತಿ, ಅವರಿಂದ ವಿಧಾನ ಕಲಿ. ನಿನಗೆ ದಿನಾ ಕೆಲಸಕ್ಕೆ ಬರುವುದು ಜಾಫ್ರಿಯವರ 1999ರ ಸಸ್ಯಾಹಾರದ ಪುಸ್ತಕ. 650ಕ್ಕೂ ಹೆಚ್ಚು ಅಡುಗೆಗಳಿವೆ, ಬೇರೆ ಬೇರೆ ದೇಶದವು. ಹೊರಗೆ ತಿನ್ನುವಾಗ ತರಕಾರಿ ಸೂಪು ಅಂದರೂ ಯಾವ ನೀರಿನಲ್ಲಿ ಮಾಡಿದ್ದು ಅಂತ ಕೇಳು, ಹಲವು ಕಡೆ ಕೋಳಿ ಬೇಯಿಸಿದ ನೀರು ಹಾಕುತ್ತಾರೆ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದದ್ದನ್ನು ಬಳಸುತ್ತಾರೆ. ಬೇಡ ಅನಿಸಿದರೆ ಪ್ಯಾಕೆಟ್ ಮೇಲೆ ಸಸ್ಯಾಹಾರಿ ಅಂತ ಬರೆದಿರುವ ಚೀಸ್ ನೋಡಿ ಕೊಂಡುಕೋ. ಮಾರ್ಸೆಲ್ಲಾ ಅವರ ಸಾಸ್‌ಗೆ ಚೀಸ್ ಇಲ್ಲದಿದ್ದರೂ ನಡೆಯುತ್ತದೆ.