ಬೇಸಿಗೆಯಲ್ಲಿ ದರಿಯಾ ದೌಲತ್: ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ

ಅಕ್ಕಾ, ಮೇ ಮೊದಲ ವಾರ ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ನೋಡಬಹುದಾ, ತೋಟ ಒಣಗಿರುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹೋಗಿ. ಆದರೆ ಮಧ್ಯಾಹ್ನ ಮಾತ್ರ ಬೇಡ. ನಾನು ಒಮ್ಮೆ ಮೈಸೂರಿನಲ್ಲಿ ಊಟ ಮುಗಿಸಿ ಒಂದು ಗಂಟೆಗೆ ಹೋಗಿ ಪೇಚಾಡಿದ್ದೇನೆ. ಗೇಟಿನಿಂದ ಅರಮನೆಗೆ ನೇರ ದಾರಿ. ಎರಡೂ ಬದಿ ಗಿಡಗಳು ಸಾಲಾಗಿ ಚೆಂದವಾಗಿವೆ, ನೆರಳು ಮಾತ್ರ ಸಾಲದು. ಅಮ್ಮ ಅರ್ಧ ದಾರಿಯಲ್ಲೇ "ನೀವು ಹೋಗಿ ಬನ್ನಿ" ಅಂದುಬಿಟ್ಟರು. ನಿಮ್ಮ ಅಮ್ಮನಿಗೆ ಒಂದು ಕೊಡೆ, ಎಲ್ಲರಿಗೂ ನೀರು, ಇಷ್ಟಂತೂ ಇರಲಿ.

ಹೂವಿನ ಆಸೆ ಇಟ್ಟುಕೊಂಡು ಹೋಗಬೇಡಿ. ಬೇಸಿಗೆಯಲ್ಲಿ ನಮ್ಮ ಮನೆ ಕುಂಡಗಳೇ ಬಾಡುತ್ತವೆ, ಅಷ್ಟು ದೊಡ್ಡ ತೋಟದ್ದು ಕೇಳಬೇಕೇ? ಅಲ್ಲಿ ನೋಡಬೇಕಾದದ್ದು ತೋಟದ ಅಚ್ಚುಕಟ್ಟು. ಇದು ಚಾರ್‌ಬಾಗ್ ಮಾದರಿ. ಅಂದರೆ ತೋಟವನ್ನು ದಾರಿಗಳಿಂದ ನಾಲ್ಕು ಭಾಗ ಮಾಡಿ, ನಡುವೆ ಕಟ್ಟಡ. ಪಕ್ಕದಲ್ಲೇ ಕಾವೇರಿ.

ಇನ್ನು ಅರಮನೆಯ ವಿಷಯ. 1784ರಲ್ಲಿ ಟಿಪ್ಪು ಬೇಸಿಗೆಗೆಂದೇ ಕಟ್ಟಿಸಿದ್ದು. ಎತ್ತರದ ಜಗಲಿ, ಸುತ್ತಲೂ ಪಡಸಾಲೆ, ತೇಗದ ಕಂಬಗಳು. ಬಿಸಿಲು ನೇರವಾಗಿ ಒಳಗಿನ ಗೋಡೆಗೆ ತಾಕುವುದು ಕಡಿಮೆ. ಈಗ ಚಿತ್ರಗಳ ಬಣ್ಣ ಮಾಸದಿರಲಿ ಅಂತ ಹೊರಗೆ ಹಸಿರು ಪರದೆಗಳನ್ನೂ ಇಳಿಬಿಟ್ಟಿದ್ದಾರೆ. ದೂರದಿಂದ ನೋಡಿದರೆ "ಇದೇನಾ ಅರಮನೆ?" ಅನಿಸುತ್ತದೆ, ನಿಜ. ಉರಿಬಿಸಿಲಿನಿಂದ ಒಳಗೆ ಹೋದ ಕೂಡಲೇ ಕಣ್ಣು ಕತ್ತಲೆ ಕಟ್ಟುತ್ತದೆ. ಎರಡು ನಿಮಿಷ ಸುಮ್ನೆ ನಿಂತು, ಆಮೇಲೆ ಪಶ್ಚಿಮದ ಗೋಡೆಗೆ ಹೋಗಿ. ಅರ್ಧ ಸಮಯ ಅಲ್ಲೇ ಕಳೆದರೂ ನಷ್ಟವಿಲ್ಲ.

ಅದು 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಹೈದರ್ ಮತ್ತು ಟಿಪ್ಪು ಸೇರಿ ಬ್ರಿಟಿಷರ ಕರ್ನಲ್ ಬೇಯ್ಲಿಯ ಸೈನ್ಯವನ್ನು ಸೋಲಿಸಿದ್ದು. ಮಕ್ಕಳಿಗೆ ಹುಡುಕುವ ಆಟ ಕೊಡಿ: ಪಲ್ಲಕ್ಕಿಯಲ್ಲಿ ಕೂತಿರುವ ಬೇಯ್ಲಿ ಎಲ್ಲಿ? ಸಿಡಿಯುತ್ತಿರುವ ಮದ್ದಿನ ಗಾಡಿ ಎಲ್ಲಿ? ಕೈಯಲ್ಲಿ ಹೂ ಹಿಡಿದ ಟಿಪ್ಪು ಎಲ್ಲಿ? ಯುದ್ಧದ ನಡುವೆ ಹೂ! ಗಿಡ ಬೆಳೆಸುವ ನಮ್ಮ ಗುಂಪಿಗೆ ಅವನನ್ನೂ ಸೇರಿಸಿಕೊಳ್ಳಬಹುದಿತ್ತು, ಅಲ್ವಾ? ತಮಾಷೆ ಅಂದರೆ, 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇದೇ ಮನೆಯಲ್ಲಿ ಕರ್ನಲ್ ವೆಲ್ಲೆಸ್ಲಿ ಇದ್ದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಅವನೇ. ತನ್ನವರು ಸೋತ ಚಿತ್ರವನ್ನು ದಿನಾ ನೋಡಿಕೊಂಡೇ ಇದ್ದನೇನೋ!

ಇದು ಮುಗಿದ ಕೂಡಲೇ ಹೈದರ್, ಟಿಪ್ಪು ಸಮಾಧಿ ಇರುವ ಗುಂಬಜ್‌ಗೆ ಹೋಗಿ, ಆಟೋದಲ್ಲಿ ಹತ್ತಿರ. ಅಲ್ಲಿ ಚಪ್ಪಲಿ ಬಿಡಬೇಕು. ಹೊತ್ತು ಏರಿದರೆ ಕಲ್ಲು ಕಾದ ಹೆಂಚು. ಎಲ್ಲರಿಗೂ ಒಂದೊಂದು ಜೊತೆ ಹಳೆ ಕಾಲುಚೀಲ ಇಟ್ಟುಕೊಳ್ಳಿ, ನಗಬೇಡಿ, ಕೆಲಸಕ್ಕೆ ಬರುತ್ತದೆ. ರಂಗನಾಥನ ದರ್ಶನವೂ ಬೇಕಿದ್ದರೆ ಅದನ್ನು ಬೆಳಿಗ್ಗೆ ಮೊದಲೇ ಮುಗಿಸಿ, ಮಧ್ಯಾಹ್ನ ಬಾಗಿಲು ಹಾಕುತ್ತಾರೆ. ಕಾವೇರಿಯ ಕವಲುಗಳು ಸೇರುವ ಸಂಗಮದಲ್ಲಿ ನೀರು ಕಡಿಮೆ ಕಂಡರೂ ಮಕ್ಕಳನ್ನು ಇಳಿಸಬೇಡಿ. ದಡದಲ್ಲೇ ಕೂತು ಸೌತೆಕಾಯಿ ತಿನ್ನಲಿ, ಉಪ್ಪು ಖಾರ ಜಾಸ್ತಿ ಹಾಕಿಸಿಕೊಂಡು.