ಕೈಯಲ್ಲಿ 30 ಸಾವಿರ ಇದೆ. ಮೊದಲ ಊಟದ ಟೇಬಲ್ ಮಾಡಲು ರೌಟರ್ (ಕಟ್ಟಿಗೆಯಲ್ಲಿ ತೋಡು ಕೊರೆಯುವ ಮಷೀನ್) ಕೊಳ್ಳಲಾ, ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸದ ಮಷೀನ್) ಕೊಳ್ಳಲಾ? ಮೇಲಿನ ಹಲಗೆಗೆ ಅಂಟು ಹಾಕಿ ಸ್ಕ್ರೂ ಹೊಡೆದರೆ ಸಾಕಲ್ವಾ?

ಎರಡೂ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ನಾನು ಬರೆಯಲು ಕೂತಿದ್ದೇ ನಿಮ್ಮ ಕೊನೆಯ ಸಾಲು ನೋಡಿ. ‘ಅಂಟು ಹಾಕಿ ಸ್ಕ್ರೂ ಹೊಡೆದರೆ ಸಾಕಲ್ವಾ’ ಅಂತ ಸುಮ್ನೆ ಕೇಳಿಬಿಟ್ಟಿದ್ದೀರಿ. ಸಾಕಾಗಲ್ಲ. ನಾನು ಮಾಡಿದ್ದು ಅದನ್ನೇ.

2015ರ ಶ್ರಾವಣ. ಅಕ್ಕ ಹುಬ್ಬಳ್ಳಿ ಕೇಶ್ವಾಪುರದಲ್ಲಿ ಮನೆ ಕಟ್ಟಿಸಿದ್ದಳು, ದಸರೆ ಮುಗಿದ ಮೇಲೆ ವಾಸ್ತುಶಾಂತಿ ಇತ್ತು. ಊಟದ ಟೇಬಲ್ ನಾನೇ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಧಾರವಾಡ ಮಾಳಮಡ್ಡಿಯಲ್ಲಿ ಮನೆ ಹಿಂದಿನ ತಗಡಿನ ಶೆಡ್ಡು, ರಜೆ ಇದ್ದ ದಿನ ಮಾತ್ರ ಕೆಲಸ. ಧಾರವಾಡದ ಶ್ರಾವಣ ಗೊತ್ತಲ್ಲ, ಜಿಟಿಜಿಟಿ ಮಳೆ ಹಿಡಿದರೆ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗಲ್ಲ. ಅಂಥ ಹವೆಯಲ್ಲಿ ಸಾಗವಾನಿ ತಂದೆ. ಆರಿಂಚು ಅಗಲದ ಆರು ಹಲಗೆಗಳನ್ನು ಅಂಚಿಗೆ ಅಂಚು ಅಂಟಿಸಿ ಮೂರಡಿ ಅಗಲ, ಆರಡಿ ಉದ್ದ ಮಾಡಿದೆ. ಅಲ್ಲಿವರೆಗೆ ತಪ್ಪೇನೂ ಇರಲಿಲ್ಲ. ಮರದ ಉದ್ದಕ್ಕೆ ಓಡುವ ಎಳೆಗಳೆಲ್ಲ ಒಂದೇ ದಿಕ್ಕಿಗಿದ್ದು ಅಂಚು ಚೆನ್ನಾಗಿ ಕೂತರೆ ಅಂಟಿದ ಜಾಗ ಕಟ್ಟಿಗೆಗಿಂತ ಗಟ್ಟಿ. ತಪ್ಪು ಆದದ್ದು ಆಮೇಲೆ. ಕಾಲುಗಳನ್ನು ಕೂಡಿಸುವ ನಾಲ್ಕು ಅಡ್ಡಪಟ್ಟಿಗಳ ಮೇಲೂ ಅಂಟು ಸುರಿದು, ಹಲಗೆ ಕೂರಿಸಿ, ಕೆಳಗಿನಿಂದ 16 ಸ್ಕ್ರೂ ಬಿಗಿದೆ. ಅಕ್ಕನ ಮನೆಗೆ ಹೋಗುವ ವಸ್ತು, ಒಂದಿಷ್ಟೂ ಅಲ್ಲಾಡಬಾರದು ಅಂತ.

ಮುಂದಿನ ಮಾರ್ಚ್‌ನಲ್ಲಿ, ಹೋಳಿ ಹುಣ್ಣಿಮೆ ಹತ್ತಿರ ಬಂದಾಗ, ಅಕ್ಕ ಫೋನ್ ಮಾಡಿದಳು. ‘ರಾತ್ರಿ ಪಟಾಕಿ ಹೊಡದಂಗ ಸಪ್ಪಳಾತು, ಮುಂಜಾನೆ ನೋಡಿದ್ರ ಟೇಬಲ್ ಸೀಳೇತಿ.’ ಭಾನುವಾರ ಹೋದೆ. ನಾಲ್ಕನೇ ಹಲಗೆಯ ನಡುವೆ, ತುದಿಯಿಂದ ಎರಡಡಿ ಉದ್ದಕ್ಕೆ ಸೀಳು. ಒಂದು ರೂಪಾಯಿ ನಾಣ್ಯವನ್ನು ಸೀಳಿನೊಳಗೆ ಅಂಚಿನ ಮೇಲೆ ನಿಲ್ಲಿಸಿದೆ, ನಿಂತಿತು. ಸೀಳಿನ ತುಂಬ ಶೇಂಗಾ ಹಿಂಡಿ ಕೂತಿತ್ತು. ಅಕ್ಕ ಕಸಬರಿಗೆಯ ಕಡ್ಡಿ ಹಿಡಿದು ಅದನ್ನು ಕೆದರಿ ಕೆದರಿ ತೆಗೆಯುತ್ತಿದ್ದಳು. ಮಾಮಾ ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಜಾಸ್ತಿ ನೋವಾಯಿತು.

ಈಗ ಇದನ್ನು ನಿಧಾನವಾಗಿ ಓದಿ. ಕಟ್ಟಿಗೆ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ, ಬಿಡುತ್ತದೆ. ಎಳೆದುಕೊಂಡಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೇ ಬರಲ್ಲ, ಆಗುವುದೆಲ್ಲ ಅಗಲಕ್ಕೆ. ನಮ್ಮ ಕಡೆ ಮಳೆಗಾಲದಲ್ಲಿ ಶೇ. 14-15 ತೇವ ಇದ್ದ ಹಲಗೆ ಬೇಸಿಗೆಯ ಒಣ ಗಾಳಿಗೆ ಶೇ. 8-9ಕ್ಕೆ ಇಳಿಯಿತು ಅಂತ ಇಟ್ಟುಕೊಳ್ಳಿ. ಮೂರಡಿ ಅಗಲದ ಸಾಗವಾನಿ ಆಗ, ಹಲಗೆ ಕೊಯ್ದ ರೀತಿ ಮೇಲೆ, 5ರಿಂದ 10 ಮಿ.ಮೀ. ಕುಗ್ಗುತ್ತದೆ. ಕಡಿಮೆ ಆಡುವ ಕಟ್ಟಿಗೆ ಅಂತ ಹೆಸರಿರುವ ಸಾಗವಾನಿಯೇ ಇಷ್ಟು! ಮತ್ತಿ ಮರ ಆದರೆ ಇನ್ನೂ ಜಾಸ್ತಿ. ನನ್ನ ಟೇಬಲ್‌ನ ಗಿಡ್ಡ ಬದಿಯ ಅಡ್ಡಪಟ್ಟಿಗಳಲ್ಲಿ ಎಳೆ ಇದ್ದದ್ದು ಪಟ್ಟಿಯ ಉದ್ದಕ್ಕೆ, ಹಾಗಾಗಿ ಅವು ಕುಗ್ಗಲಿಲ್ಲ. ಮೇಲಿನ ಹಲಗೆ ಕುಗ್ಗಬೇಕು ಅನ್ನುತ್ತಿತ್ತು, ಅಂಟೂ ಸ್ಕ್ರೂಗಳೂ ಬಿಡಲಿಲ್ಲ. ಅಂಟು ಗಟ್ಟಿಯಾಗಿತ್ತು, ಸ್ಕ್ರೂ ಗಟ್ಟಿಯಾಗಿದ್ದವು, ಕೊನೆಗೆ ಸೀಳಿದ್ದು ಕಟ್ಟಿಗೆ. ಇನ್ನೂ 16 ಸ್ಕ್ರೂ ಹೊಡೆದಿದ್ದರೂ ಹೀಗೇ ಆಗುತ್ತಿತ್ತು.

ಪಾಲಿಶ್ ಹಚ್ಚಿದರೆ ತೇವ ಒಳಗೆ ಹೋಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪಾಲಿಶ್ ತಡ ಮಾಡಿಸುತ್ತದೆ, ತಡೆಯಲ್ಲ.

ಆಮೇಲೆ ಆ ಸೀಳನ್ನು ಏಪ್ರಿಲ್‌ನಲ್ಲಿ, ಕಟ್ಟಿಗೆ ಪೂರ್ತಿ ಒಣಗಿ ಕುಗ್ಗಿದ್ದಾಗ, ಗರಗಸದ ಹುಡಿ ಮತ್ತು ಅಂಟು ಕಲಸಿ ತುಂಬಿದೆ. ಆ ತಪ್ಪೂ ಮೊದಲಿನದರ ಮಗನೇ. ಜುಲೈ ಬಂತು, ಹಲಗೆ ಹಿಗ್ಗಿತು. ಮುಚ್ಚಿಕೊಳ್ಳಬೇಕಿದ್ದ ಜಾಗದಲ್ಲಿ ಕಲ್ಲಿನಂಥ ಪಟ್ಟಿ ಕೂತಿತ್ತು, ಕೆಳಗೆ ಪಟ್ಟಿಗಳು ಹಿಡಿದಿದ್ದವು. ನಡುವೆ ಉಬ್ಬಿ ನೀರಿನ ಲೋಟ ಓರೆಯಾಗಿ ನಿಲ್ಲತೊಡಗಿತು.

ಕೊನೆಗೆ ಕಲಘಟಗಿ ಕಡೆಯ ಒಬ್ಬ ಹಿರಿಯ ಬಡಿಗರನ್ನು ಕರೆದುಕೊಂಡು ಬಂದೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು ಅದು. ಅವರು ಟೇಬಲ್ ಬೋರಲು ಹಾಕಿ, ಸ್ಕ್ರೂಗಳ ಸಾಲಿನ ಮೇಲೆ ಹೆಬ್ಬೆರಳು ಎಳೆದು, ‘ತಮ್ಮಾ, ನಿಮ್ಮ ಅಜ್ಜನ ಮನಿ ಬಾಗಲಾ ನೋಡೀಯಿಲ್ಲೋ?’ ಅಂದರು. ಅಷ್ಟೇ ಕೇಳಿದ್ದು. ಮುಂದಿನ ವಾರ ಅಣ್ಣಿಗೇರಿ ಹತ್ತಿರದ ನಮ್ಮ ಊರಿಗೆ ಹೋದಾಗ ನೋಡಿದೆ. ದಪ್ಪ ಚೌಕಟ್ಟು, ಅದರೊಳಗೆ ಕೊರೆದ ಗಾಡಿ (ಉದ್ದ ತೋಡಿಗೆ ಬಡಿಗರ ಹೆಸರು), ಗಾಡಿಯಲ್ಲಿ ಅಂಟಿಲ್ಲದೆ ಸುಮ್ನೆ ಕೂತ ಹಲಗೆ. ಅಂಗೈ ಇಟ್ಟು ತಳ್ಳಿದರೆ ಕೂದಲೆಳೆಯಷ್ಟು ಸರಿಯುತ್ತದೆ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಹಲಗೆಯ ಅಂಚಿಗೆ ಬಣ್ಣ ಕಾಣದ ಒಂದು ತೆಳು ಗೆರೆ ಹೊರಗೆ ಬಂದಿರುತ್ತದೆ, ಮಳೆಗಾಲದಲ್ಲಿ ಅದು ಮತ್ತೆ ಗಾಡಿಯೊಳಗೆ ಹೋಗುತ್ತದೆ. ಚಿಕ್ಕಂದಿನಿಂದ ಆ ಬಾಗಿಲು ತೆರೆದು ಮುಚ್ಚಿದ್ದೇನೆ, ಆ ಗೆರೆ ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಬಡಿಗರೂ ನಾನೂ ಸೇರಿ ಟೇಬಲ್ ಬಿಚ್ಚಿದೆವು. ಅಂಟು ಬಿಡಲಿಲ್ಲ, ಹಲಗೆಯನ್ನು ಗರಗಸದಿಂದ ಕೊಯ್ದೇ ಬೇರೆ ಮಾಡಬೇಕಾಯಿತು. ಸೀಳಿನ ಉದ್ದಕ್ಕೂ ಕತ್ತರಿಸಿ, ರಂದಾ ಹೊಡೆದು ಮತ್ತೆ ಅಂಟಿಸಿದಾಗ ಅಗಲದಲ್ಲಿ ಒಂದಿಂಚು ಹೋಯಿತು. ಈ ಸಲ ಕೂರಿಸಿದ್ದು ಬಿಲ್ಲೆಗಳಿಂದ. ಅಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದಪ್ಪದ ಕಟ್ಟಿಗೆ ತುಂಡು, ಅದರ ಒಂದು ತುದಿಗೆ 10-12 ಮಿ.ಮೀ. ಉದ್ದದ ನಾಲಿಗೆ. ಬಿಲ್ಲೆಯನ್ನು ಸ್ಕ್ರೂನಿಂದ ಮೇಲಿನ ಹಲಗೆಗೆ ಬಿಗಿಯುವುದು, ನಾಲಿಗೆ ಅಡ್ಡಪಟ್ಟಿಯ ಒಳಮೈಯ ಗಾಡಿಯಲ್ಲಿ ಕೂರುತ್ತದೆ. ಹಲಗೆ ಮೇಲೆ ಏಳಲ್ಲ, ಆದರೆ ಅಗಲಕ್ಕೆ ಸರಿದಾಡಬಹುದು. ಮಳೆಗಾಲದಲ್ಲಿ ಕೂರಿಸಿದರೆ ಉದ್ದದ ಬದಿಯ ನಾಲಿಗೆಗಳನ್ನು ಗಾಡಿಯ ತಳದವರೆಗೆ ತಳ್ಳಿ, ಹಲಗೆ ಮುಂದೆ ಕುಗ್ಗುವುದೇ ಇದೆ. ಬೇಸಿಗೆಯಲ್ಲಾದರೆ ತಳದಲ್ಲಿ 4-5 ಮಿ.ಮೀ. ಖಾಲಿ ಬಿಡಿ. ಮೇಲಿನ ಹಲಗೆಗೂ ಅಡ್ಡಪಟ್ಟಿಗೂ ನಡುವೆ ಅಂಟು ಒಂದು ಹನಿಯೂ ಬೇಡ. ಬಿಲ್ಲೆ ಕಷ್ಟ ಅನಿಸಿದರೆ ಅಡ್ಡಪಟ್ಟಿಯ ಸ್ಕ್ರೂ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ ವಾಷರ್ ಹಾಕಿ, ನಡುವಿನ ಸ್ಕ್ರೂ ಮಾತ್ರ ಬಿಗಿ ಇರಲಿ. ಪ್ಲೈವುಡ್ ಆದರೆ ಈ ಚಿಂತೆಯೇ ಇಲ್ಲ, ಅದರ ಪದರುಗಳು ಒಂದಕ್ಕೊಂದು ಅಡ್ಡ ಇರುತ್ತವೆ, ಸ್ಕ್ರೂ ಹೊಡೆದುಬಿಡಿ.

ಇನ್ನು ನಿಮ್ಮ 30 ಸಾವಿರ. ಹಲಗೆ ಕೊಯ್ಯುವುದು, ದಪ್ಪ ಸಮ ಮಾಡುವುದು ಸಾ ಮಿಲ್‌ನಲ್ಲೇ ಆಗುತ್ತದೆ, ಒಂದು ಟೇಬಲ್‌ಗೋಸ್ಕರ ಮನೆಯಲ್ಲಿ ಟೇಬಲ್ ಸಾ ಯಾಕೆ? ಮೊದಲ ಟೇಬಲ್‌ಗೆ ಮಷೀನ್ ಕೊಳ್ಳುವವರು ಅಳತೆ ಕಲಿಯುವ ಮೊದಲೇ ವೇಗ ಕಲಿಯುತ್ತಾರೆ, ಇದು ನನ್ನ ಗಟ್ಟಿ ಅಭಿಪ್ರಾಯ. 6, 12, 25 ಮಿ.ಮೀ. ಉಳಿ ಮೂರು ತಗೊಳ್ಳಿ, ಒಳ್ಳೆ ಗರಗಸ, ರಂದಾ, ಉಳಿ ಹೊಡೆಯುವ ಕೊಡತಿ, ಮೂಲೆ ನೋಡುವ ಗುನ್ಯಾ, ಗೆರೆ ಎಳೆಯುವ ಗೇಜ್. ಸಾಣೆಕಲ್ಲಿಗೆ ದುಡ್ಡು ಉಳಿಸಬೇಡಿ. ಉಳಿಯ ಅಂಚು 25ರಿಂದ 30 ಡಿಗ್ರಿಗೆ ಮಸೆದು, ಮುಂಗೈ ಮೇಲಿನ ಕೂದಲು ಬೋಳಿಸುವಷ್ಟು ಹರಿತ ಆಗುವವರೆಗೂ ಕೆಲಸ ಶುರು ಮಾಡಬೇಡಿ. ಮೊಂಡು ಉಳಿಗೆ ಜೋರು ಹಾಕಬೇಕಾಗುತ್ತದೆ, ಕೈ ಕೊಯ್ಯುವುದು ಅದೇ ಜಾಸ್ತಿ. ಕಾಲಿಗೂ ಅಡ್ಡಪಟ್ಟಿಗೂ ತೂತು-ನಾಲಿಗೆ ಜೋಡಣೆ (ಕಾಲಿನ ತೂತಿನಲ್ಲಿ ಪಟ್ಟಿಯ ತುದಿಯ ನಾಲಿಗೆ ಕೂರುವಂಥದ್ದು) ಮಾಡಿ, ನಾಲಿಗೆಯ ದಪ್ಪ ಪಟ್ಟಿಯ ಮೂರನೇ ಒಂದು ಪಾಲು. ಅಲ್ಲಿ ಅಂಟು ಹಾಕಿ, ಅದು ಸರಿ. ಮೊದಲು ಹಳೇ ಕಟ್ಟಿಗೆ ತುಂಡಿನಲ್ಲಿ ಐದಾರು ಸಲ ಮಾಡಿ ನೋಡಿ.

ಉಳಿದ ದುಡ್ಡಿನಲ್ಲಿ ಎರಡು ಮುಳ್ಳಿನ ತೇವದ ಮೀಟರ್ ಕೊಳ್ಳಿ, ಸಾವಿರ ಎರಡು ಸಾವಿರದ್ದು ಸಾಕು. ಹಲಗೆಯ ತುದಿಗೆ ಚುಚ್ಚಬೇಡಿ, ತುದಿ ಮೊದಲೇ ಒಣಗಿರುತ್ತದೆ. ಹೊಸದಾಗಿ ಕತ್ತರಿಸಿದ ಒಳಮೈಗೆ ಚುಚ್ಚಿ. ಮೀಟರ್ ಬೇಡ ಅಂದರೆ ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ ಬರೆದಿಡಿ, ತೂಕ ಇಳಿಯುವುದು ನಿಂತರೆ ಆ ಹವೆಗೆ ಒಗ್ಗಿದೆ ಅಂತ. ಹಲಗೆಗಳ ನಡುವೆ ಸಣ್ಣ ಪಟ್ಟಿ ಇಟ್ಟು, ಗಾಳಿ ಆಡುವ ಹಾಗೆ, ಟೇಬಲ್ ಇರುವ ಮನೆಯೊಳಗೇ ಒಂದು ತಿಂಗಳು ಪೇರಿಸಿಡಿ. ನನಗೆ ಆ ಒಂದು ತಿಂಗಳು ಕಾಯುವ ತಾಳ್ಮೆ ಇರಲಿಲ್ಲ, ವಾಸ್ತುಶಾಂತಿ ದಿನ ಹತ್ತಿರ ಬಂದಿತ್ತು.

ಅಕ್ಕನ ಟೇಬಲ್ ಈಗಲೂ ಅಲ್ಲೇ ಇದೆ. ನಿಮ್ಮ ಹಲಗೆ ಎಷ್ಟು ದಪ್ಪ, ಕೊಯ್ಸಿ ಎಷ್ಟು ದಿನ ಆಯ್ತು, ಯಾವ ಕಟ್ಟಿಗೆ, ಇಷ್ಟು ಕೆಳಗೆ ಬರೆಯಿರಿ, ಬಿಲ್ಲೆಯ ಅಳತೆ ಲೆಕ್ಕ ಹಾಕಿ ಹೇಳುತ್ತೇನೆ. ಅಲ್ಲಿವರೆಗೆ ಸ್ಕ್ರೂ ಮಾತ್ರ ಹೊಡೆಯಬೇಡಿ.