ಮಾಲೆಯ ನಲ್ಲಿಗಳು ಒಣಗಿದ ರಾತ್ರಿ ಫೋನ್ ಹೋದದ್ದು ಎಲ್ಲಿಗೆ?

ನಿಮ್ಮ ಪ್ರಶ್ನೆ ಇದು: “ಪುಟ್ಟ ದೇಶಗಳಿಗೆ ತಮ್ಮದೇ ಆದ ವಿದೇಶಾಂಗ ನೀತಿ ನಿಜಕ್ಕೂ ಇರುತ್ತದೆಯೇ? ಅಥವಾ ಪಕ್ಕದ ದೊಡ್ಡ ದೇಶ ಹೇಳಿದಂತೆ ಕೇಳಿಕೊಂಡು ಇರಬೇಕಷ್ಟೆಯೇ?”

ಖಂಡಿತ ಇರುತ್ತದೆ. ನಾನು ಮೂರು ವರ್ಷ ಮಾಲ್ಡೀವ್ಸ್‌ನಲ್ಲಿ ಗಣಿತ ಪಾಠ ಹೇಳಿದವನು. ಹತ್ತು ದೇಶಗಳ ಹೆಸರು ಹೇಳುವುದಕ್ಕಿಂತ ಕಣ್ಣಾರೆ ಕಂಡ ಆ ಒಂದೇ ದೇಶವನ್ನು ಹಿಡಿದು ಉತ್ತರಿಸುತ್ತೇನೆ.

2014ರ ಡಿಸೆಂಬರ್ 4ರಂದು ರಾಜಧಾನಿ ಮಾಲೆಯಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಘಟಕಕ್ಕೆ ಬೆಂಕಿ ಬಿತ್ತು. ಆ ಊರಿನಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಅಂತರ್ಜಲ ಕುಡಿಯಲು ಬರುವುದಿಲ್ಲ. ಲಕ್ಷದಷ್ಟು ಜನರ ಮನೆಯ ನಲ್ಲಿಗಳು ಒಮ್ಮೆಲೇ ಒಣಗಿದವು. ಬಾಟಲಿ ನೀರಿಗಾಗಿ ಅಂಗಡಿಯ ಮುಂದೆ ನಿಂತವರ ಸಾಲಿನಲ್ಲಿ ನಾನೂ ಇದ್ದೆ. ಆ ರಾತ್ರಿ ಅಲ್ಲಿನ ವಿದೇಶಾಂಗ ಸಚಿವೆ ದುನ್ಯಾ ಮೌಮೂನ್ ಅವರು ಆಗ ಭಾರತದ ವಿದೇಶಾಂಗ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರಿಗೆ ಫೋನ್ ಮಾಡಿದರು. ಮರುದಿನವೇ ಭಾರತದ ವಾಯುಪಡೆಯ ವಿಮಾನಗಳು ನೀರು ಹೊತ್ತು ಬಂದಿಳಿದವು. ಹಿಂದೆಯೇ ನೌಕಾಪಡೆಯ ‘ಸುಕನ್ಯಾ’ ಬಂದಿತು.

ಆಗಿನ ಸಂದರ್ಭವನ್ನೂ ಗಮನಿಸಿ. ಎರಡು ವರ್ಷಗಳ ಹಿಂದೆ ಮಾಲೆ ವಿಮಾನ ನಿಲ್ದಾಣದ ಗುತ್ತಿಗೆಯನ್ನು ಅಲ್ಲಿನ ಸರ್ಕಾರ ಭಾರತದ ಕಂಪನಿಯಿಂದ ಕಿತ್ತುಕೊಂಡಿತ್ತು. ಮೂರು ತಿಂಗಳ ಹಿಂದಷ್ಟೇ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಮಾಲೆಗೆ ಬಂದು ಹೋಗಿದ್ದರು. ಆದರೂ ದುನ್ಯಾ ದೆಹಲಿಗೆ ಫೋನ್ ಮಾಡಲು ಹಿಂಜರಿಯಲಿಲ್ಲ. ಚೀನಾವೂ ನೀರು ಕಳುಹಿಸಿತು, ಅದನ್ನೂ ಸ್ವೀಕರಿಸಿದರು. ಹೊರಗಿನಿಂದ ನೋಡುವ ನಾವು “ಮಾಲೆ ಯಾರ ಕಡೆ?” ಎಂದು ಕೇಳುತ್ತೇವೆ. ಅಲ್ಲಿ ಕುಳಿತವರ ಪ್ರಶ್ನೆಯೇ ಬೇರೆ: ನಾಳೆಯ ನೀರು, ಅಕ್ಕಿ, ಡಾಲರ್ ಎಲ್ಲಿಂದ ಬರಬೇಕು, ಮತ್ತು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆಯೇ?

ಈ ಪ್ರಶ್ನೆ ಅವರಿಗೆ ಹೊಸತೇನಲ್ಲ. ನಾವು “ಕವಡೆ ಕಾಸಿನ ಬೆಲೆಯಿಲ್ಲ” ಎನ್ನುತ್ತೇವಲ್ಲ, ಆ ಕವಡೆಯನ್ನು ರಾಶಿ ರಾಶಿಯಾಗಿ ಹೊರದೇಶಕ್ಕೆ ಕಳುಹಿಸುತ್ತಿದ್ದುದು ಇವೇ ದ್ವೀಪಗಳು. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿ ಖಾಜಿ, ಅಂದರೆ ನ್ಯಾಯಾಧೀಶನಾಗಿದ್ದ ಪ್ರವಾಸಿ ಇಬ್ನ್ ಬತೂತ, ಬಂಗಾಳದವರಿಗೆ ಕವಡೆ ಕೊಟ್ಟು ಅಕ್ಕಿ ಪಡೆಯುತ್ತಿದ್ದುದನ್ನು ದಾಖಲಿಸಿದ್ದಾನೆ. ಇಂದಿಗೂ ಅಕ್ಕಿ, ಗೋಧಿ ಹಿಟ್ಟು, ಈರುಳ್ಳಿ, ಮೊಟ್ಟೆ, ಮನೆ ಕಟ್ಟುವ ಮರಳು ಕೂಡ ಭಾರತದಿಂದ ಹೋಗುತ್ತವೆ. ಇದಕ್ಕೆ 1981ರ ಒಪ್ಪಂದವೊಂದಿದೆ. ನಮ್ಮಲ್ಲಿ ರಫ್ತು ನಿಷೇಧ ಬಂದಾಗಲೂ ಆ ದೇಶದ ಪಾಲನ್ನು ಕಳುಹಿಸಿಕೊಡಲಾಗುತ್ತದೆ.

ಈ ಹಿನ್ನೆಲೆಯಲ್ಲಿ ಮೊಹಮ್ಮದ್ ಮುಯಿಝು ಅವರ ನಡೆಯನ್ನು ನೋಡಿ. ಭಾರತದ ಸೈನಿಕರನ್ನು ಕಳುಹಿಸಿಬಿಡುತ್ತೇನೆ ಎಂದು ಮಾತು ಕೊಟ್ಟು ಅವರು 2023ರಲ್ಲಿ ಅಧ್ಯಕ್ಷರಾದರು. 2024ರ ಮೇ ತಿಂಗಳಿನಲ್ಲಿ ಸೈನಿಕರು ಹೊರಟರು, ಅವರ ಜಾಗಕ್ಕೆ ಭಾರತದ್ದೇ ನಾಗರಿಕ ತಂತ್ರಜ್ಞರು ಬಂದರು. ದೂರದ ದ್ವೀಪಗಳಿಂದ ರೋಗಿಗಳನ್ನು ಕರೆತರುವ ಹೆಲಿಕಾಪ್ಟರ್, ವಿಮಾನಗಳು ಅಲ್ಲಿಯೇ ಉಳಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ದೆಹಲಿಗೆ ಬಂದು 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಗಳ ಕರೆನ್ಸಿ ವಿನಿಮಯ ಒಪ್ಪಂದ, ಅಂದರೆ ಕಷ್ಟಕಾಲಕ್ಕೆ ನಮ್ಮ ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯುವ ಏರ್ಪಾಟು, ಪಡೆದರು. ನಮ್ಮ ಕೆಲವು ಪತ್ರಿಕೆಗಳು ಇದನ್ನು ಶರಣಾಗತಿ ಎಂದು ಬರೆದವು. ನಾನು ಒಪ್ಪುವುದಿಲ್ಲ. ಮತದಾರರಿಗೆ ಕೊಟ್ಟ ಮಾತು ಉಳಿಯಿತು, ಹೆಲಿಕಾಪ್ಟರ್‌ಗಳ ಹಾರಾಟವೂ ಉಳಿಯಿತು. ಐದಾರು ಲಕ್ಷ ಜನರ ದೇಶದ ಮಟ್ಟಿಗೆ ಇದು ದೊಡ್ಡ ಸಾಧನೆ. ಅವರ ಕೈ ಕಟ್ಟಿಹಾಕಿದ್ದು ನೆರೆಯವರಿಗಿಂತ ಹೆಚ್ಚಾಗಿ ಸಾಲ. ಸೇತುವೆ, ವಸತಿ ಕಟ್ಟಡಗಳಿಗಾಗಿ ವರ್ಷಾನುಗಟ್ಟಲೆ ಮಾಡಿದ ಸಾಲದ ಕಂತುಗಳು ಎದುರಿಗಿದ್ದಾಗ ವಿದೇಶಾಂಗ ಸಚಿವರಿಗಿಂತ ಹಣಕಾಸು ಸಚಿವರೇ ಹೆಚ್ಚು ವಿಮಾನ ಹತ್ತಬೇಕಾಗುತ್ತದೆ.

ಇದೆಲ್ಲ ಬದುಕಿ ಉಳಿಯುವ ಮಾತಾಯಿತು. ನನಗೆ ಅವರ ಬಗ್ಗೆ ಗೌರವ ಹುಟ್ಟಿಸಿದ್ದು ಇನ್ನೊಂದು ವಿಚಾರ. 1988ರ ನವೆಂಬರ್‌ನಲ್ಲಿ ಶ್ರೀಲಂಕಾದಿಂದ ಸಮುದ್ರ ದಾಟಿ ಬಂದ ಬಾಡಿಗೆ ಬಂದೂಕುಧಾರಿಗಳು ಮಾಲೆಯನ್ನು ವಶಪಡಿಸಿಕೊಳ್ಳಲು ನೋಡಿದರು. ಅಧ್ಯಕ್ಷ ಗಯೂಮ್ ನೆರವು ಬೇಡಿದರು, ಅಂದೇ ರಾತ್ರಿ ಭಾರತದ ಪ್ಯಾರಾಟ್ರೂಪರ್‌ಗಳು ಹೋಗಿಳಿದರು. ಗಯೂಮ್ ಅಷ್ಟಕ್ಕೇ ನಿಲ್ಲಲಿಲ್ಲ. ಮರುವರ್ಷ ಸಣ್ಣ ರಾಷ್ಟ್ರಗಳ ರಕ್ಷಣೆಯ ಕುರಿತು ವಿಶ್ವಸಂಸ್ಥೆಯಲ್ಲಿ ನಿರ್ಣಯವೊಂದು ಅಂಗೀಕಾರವಾಯಿತು, ಅದರ ಹಿಂದೆ ಇದ್ದದ್ದು ಮಾಲ್ಡೀವ್ಸ್. 1987ರಲ್ಲಿ ದೈತ್ಯ ಅಲೆಗಳು ಮಾಲೆಗೆ ನುಗ್ಗಿದಾಗಲೂ ಹೀಗೆಯೇ ಆಯಿತು. ಆ ಅಕ್ಟೋಬರ್‌ನಲ್ಲಿ ಗಯೂಮ್ ವಿಶ್ವಸಂಸ್ಥೆಯಲ್ಲಿ ತಮ್ಮ ದೇಶ ಮುಳುಗಬಹುದೆಂದು ಹೇಳಿದರು. 1989ರಲ್ಲಿ ಸಮುದ್ರಮಟ್ಟದ ಏರಿಕೆಯ ಬಗ್ಗೆ ಸಣ್ಣ ರಾಷ್ಟ್ರಗಳ ಸಮ್ಮೇಳನವನ್ನು ಮಾಲೆಯಲ್ಲೇ ನಡೆಸಿದರು. ಮರುವರ್ಷ ಸಣ್ಣ ದ್ವೀಪರಾಷ್ಟ್ರಗಳ ಕೂಟ ಹುಟ್ಟಿತು. ದೊಡ್ಡ ಸೈನ್ಯವಿಲ್ಲದವರಿಗೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಒಂದು ಮತವೇ ಆಸ್ತಿ. ಮೂವತ್ತೊಂಬತ್ತು ದೇಶಗಳು ಇಂದು ಆ ಕೂಟದಲ್ಲಿ ಒಟ್ಟಾಗಿವೆ.

2015ರ ಪ್ಯಾರಿಸ್ ಒಪ್ಪಂದದಲ್ಲಿ ತಾಪಮಾನ ಏರಿಕೆಯನ್ನು 1.5 ಡಿಗ್ರಿಗೆ ಮಿತಿಗೊಳಿಸಲು ಯತ್ನಿಸಬೇಕು ಎಂಬ ಮಾತು ಸೇರಲು ಈ ಕೂಟದ ಹಟ ಮುಖ್ಯ ಕಾರಣ. ಎರಡು ಡಿಗ್ರಿಗೂ ಒಂದೂವರೆಗೂ ಏನು ಮಹಾ ವ್ಯತ್ಯಾಸ ಎಂದು ನಮ್ಮೂರಿನಲ್ಲಿ ಒಬ್ಬರು ನನ್ನನ್ನು ಕೇಳಿದ್ದರು. ನಾನು ಪಾಠ ಮಾಡುತ್ತಿದ್ದ ಶಾಲೆಯ ಅಂಗಳದ ಅಂಚಿನಲ್ಲಿ ನಿಂತರೆ ಸಮುದ್ರ ಕಾಣುತ್ತಿತ್ತು. ಆ ದೇಶದ ನೆಲದ ಬಹುಪಾಲು ಸಮುದ್ರಕ್ಕಿಂತ ಒಂದು ಮೀಟರ್ ಕೂಡ ಎತ್ತರವಿಲ್ಲ.